ತಮ್ಮನಿಗೆ ರಾಜ್ಯ ಬಿಟ್ಟ ಗೋವಿಂದ

ಸಭೆಯ ಅಧ್ಯಕ್ಷತೆ ವಹಿಸಿರುವ ಜಬ್ಬಾರ್ ಸಾಹೇಬರೇ, ಇಂದು ಸನ್ಮಾನ ಪಡೆಯುತ್ತಿರುವ ನಮ್ಮ ಕನ್ನಡ ಬಳಗದ ಹೊಸ ಅಧ್ಯಕ್ಷ ನಿರಂಜನ್ ಅವರೇ, ವಾರೆನ್‌ನಿಂದಲೂ ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದಲೂ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದಿರುವ ಸಭಿಕರೇ,

ಹಿಂದಿನ ಅಧ್ಯಕ್ಷನಾದ ನಾನು ಐದು ನಿಮಿಷ ರಾಷ್ಟ್ರಕೂಟರ ಬಗ್ಗೆ ಮಾತಾಡಬೇಕೆಂದು ಸಮಿತಿ ಹೇಳಿದೆ. ನೀವು ನೃಪತುಂಗನನ್ನು ನಿರೀಕ್ಷಿಸುತ್ತಿರಬಹುದು. ನಾನು ಆರಿಸಿಕೊಂಡವನು ಇಮ್ಮಡಿ ಗೋವಿಂದ. ಆಳಿದ್ದು ಐದಾರು ವರ್ಷ. ಎಲ್ಲೋರದ ಕೈಲಾಸ ಕೊರೆಸಿದ ಕೃಷ್ಣನ ಮಗ. ಯುವರಾಜನಾಗಿದ್ದಾಗಲೇ ವೆಂಗಿಯವರನ್ನು ಮಣಿಸಿ ಬಂದವನು. ಪಟ್ಟಕ್ಕೆ ಬಂದ ಮೇಲೆ ಭೋಗದಲ್ಲಿ ಮುಳುಗಿ, ರಾಜ್ಯಭಾರವನ್ನೆಲ್ಲ ತಮ್ಮ ಧ್ರುವನಿಗೆ ಬಿಟ್ಟನಂತೆ. ಧ್ರುವ ರಾಜ್ಯವನ್ನೇ ಇಟ್ಟುಕೊಂಡ.

ಭೋಗವಂತೆ. ಹೀಗೆಂದು ಬರೆಸಿದವರು ಯಾರು? ಗೆದ್ದ ತಮ್ಮನ ವಂಶದವರು. ಕೆಲವು ಶಾಸನಗಳಲ್ಲಂತೂ ಗೋವಿಂದನ ಹೆಸರೇ ಇಲ್ಲ. ಇವತ್ತಿನ ಆಹ್ವಾನ ಪತ್ರಿಕೆ ನೋಡಿ, ನನ್ನ ಹೆಸರೂ ಇಲ್ಲ. ಅಚ್ಚಿನ ತಪ್ಪು ಎಂದರು. ಇರಲಿ.

ನನ್ನ ಆಳ್ವಿಕೆ ಹನ್ನೊಂದು ತಿಂಗಳು. ನಾನು ಯಾವ ಭೋಗದಲ್ಲಿದ್ದೆ, ಸ್ವಾಮಿ? ಕಾರಿನ ಬಾಗಿಲು ಡಿಸೈನ್ ಮಾಡಿ ಸಂಜೆ ದಣಿದು ಬರುತ್ತಿದ್ದೆ. ಊಟಕ್ಕೆ ಕೂತರೆ ಫೋನ್. ಊರಿನಿಂದ ಈ ದೇಶಕ್ಕೆ ಬಂದ ಹೊಸಬರನ್ನು ಏರ್‌ಪೋರ್ಟಿನಿಂದ ಕರೆತರಬೇಕು, ಒಂದು ವಾರ ಮನೆಯಲ್ಲಿಟ್ಟುಕೊಳ್ಳಬೇಕು, ಡ್ರೈವಿಂಗ್ ಟೆಸ್ಟಿಗೆ ಕರೆದೊಯ್ಯಬೇಕು. ನಮ್ಮ ಬಳಗದಲ್ಲಿ ಅಧ್ಯಕ್ಷನೆಂದರೆ ಇಷ್ಟೇ. ಅದಕ್ಕೇ ವಾರ್ತಾಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ, ಆಗ ಕಾರ್ಯದರ್ಶಿಯಾಗಿದ್ದ ನಿರಂಜನ್ ನಂಬರ್ ಹಾಕಿಸಿದೆ. ಮಹಾ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಚುನಾವಣೆಯಲ್ಲಿ ಎಲ್ಲ ಕೈಗಳೂ ಅವರಿಗೇ ಎದ್ದವು. ನನಗಿಂತ ಚೆನ್ನಾಗಿ ಮಾತಾಡುತ್ತಾರೆಯೇ? ಹಾಡುತ್ತಾರೆಯೇ? ಮೈಕ್ ಕೊಟ್ಟರೆ ಬೆವರುತ್ತಾರೆ. ಜಬ್ಬಾರ್ ಸಾಹೇಬರನ್ನು ಕೇಳಿದೆ, ಅವರೂ ಕೈ ಎತ್ತಿದ್ದರು. "ಅಶ್ವಥ್, ನಮ್ಮ ತಾಯಿ ಬಂದಾಗ ಇವ್ರು ಮೂರು ಗಂಟೆ ಏರ್‌ಪೋರ್ಟಲ್ಲಿ ಕಾದ್ರು. ನಾನ್ ಇನ್ನೇನ್ ಮಾಡ್ಲಿ?" ಎಂದರು.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಕಳೆದ ಮಂಗಳವಾರದ್ದು. ನನ್ನ ಹೆಂಡತಿ ಲತಾಶ್ರೀಯ ಕಾರು ಜಾರಿ ಹೈವೇ ಪಕ್ಕದ ಹಳ್ಳಕ್ಕಿಳಿಯಿತು. ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ನನ್ನ ಆಫೀಸು ಅಲ್ಲಿಂದ ಎರಡೇ ಮೈಲಿ. ಅವಳನ್ನು ಮನೆಗೆ ಕರೆತಂದವರು ಹದಿನೆಂಟು ಮೈಲಿ ಆಚೆಯಿದ್ದ ನಿರಂಜನ್. ನನಗೇಕೆ ಫೋನ್ ಮಾಡಲಿಲ್ಲ ಎಂದು ಕೇಳಿದೆ. ಕೋಟು ಕಳಚುತ್ತಾ ಹೇಳಿದಳು, "ಹೊಳೀಲೇ ಇಲ್ಲ ರೀ."

ಬೈದಿದ್ದರೆ ಸಹಿಸುತ್ತಿದ್ದೆ.

ಪಟ್ಟ ಹೋದ ಮೇಲೆ ಗೋವಿಂದ ಏನಾದನೋ ಗೊತ್ತಿಲ್ಲ. ಕಷ್ಟ ಬಂದಾಗ ಅವನ ರಾಣಿ ಯಾರನ್ನು ಕರೆದಳೋ, ಅದನ್ನೂ ಯಾರೂ ಕೆತ್ತಿಸಿಲ್ಲ.

ಇವನಿಗೆ ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ಮೂರನೆಯ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿಗೂ ಕೇಳಿಸಲಿ. ನಿರಂಜನ್, ಕುರ್ಚಿ ನೀವೇ ಇಟ್ಟುಕೊಳ್ಳಿ, ಚೆನ್ನಾಗಿ ಆಳಿ. ಈ ಶಾಲನ್ನೂ ನಾನೇ ಹೊದಿಸುತ್ತೇನೆ, ಫೋಟೋಕ್ಕೆ ಮಾತ್ರ ನಗಿ ಎನ್ನಬೇಡಿ. ಒಂದೇ ಒಂದು ಬೇಡಿಕೆ. ಇನ್ನೊಮ್ಮೆ ಲತಾಶ್ರೀ ನಿಮಗೆ ಫೋನ್ ಮಾಡಿದರೆ, "ಅಶ್ವಥ್ ಅವರಿಗೆ ಮಾಡಿ, ಎತ್ತುತ್ತಾರೆ" ಎಂದು ಹೇಳಿಬಿಡಿ. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಿಮ್ಮ ಮಾತನ್ನು ನಂಬುತ್ತಾಳೆ.

ಐದು ನಿಮಿಷ ಮೀರಿದರೂ ಚೀಟಿ ಕಳಿಸದ ಸಭಾಧ್ಯಕ್ಷರಿಗೂ, ಬಿಸಿಬೇಳೆಬಾತ್ ಆರುತ್ತಿದ್ದರೂ ಎದ್ದು ಹೋಗದ ನಿಮಗೂ ವಂದನೆಗಳು. ನಮಸ್ಕಾರ.