ಕಾಲಿಗೆ ಹತ್ತಿದ ಸುಣ್ಣ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಶುರು ಮಾಡಿದರೆ, ಮಠದ ಆ ಕಂಬಕ್ಕೆ ಒರಗಿ ಕೂತ ಯಜಮಾನರು ಆಗಲೇ ಕಣ್ಣು ಮುಚ್ಚುತ್ತಾರೆ. ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ಓಟಗಾರ ಇದ್ದ. ಹೆಸರು ಹೇಳುವುದಿಲ್ಲ, ಅವನ ಬೀಗರು ಯಾರಾದರೂ ಇಲ್ಲೇ ಕೂತಿದ್ದರೆ ಪ್ರಸಾದಕ್ಕೆ ಮೊದಲೇ ಜಗಳ ಶುರುವಾದೀತು.

ಅವನದು ಬರಿಯ ಓಟವಲ್ಲ, ನೋಡಿ. ಹರ್ಡಲ್ಸ್. ದಾರಿಯಲ್ಲಿ ಹತ್ತು ಅಡ್ಡಪಟ್ಟಿ ನಿಲ್ಲಿಸಿರುತ್ತಾರೆ, ಒಂದೊಂದನ್ನೂ ಹಾರುತ್ತ ಓಡಬೇಕು. ಅದರಲ್ಲಿ ಅವನು ರಾಜ್ಯಕ್ಕೇ ಮೊದಲಿಗನಾದ. ಮರುದಿನ ಪತ್ರಿಕೆಯಲ್ಲಿ ಬಂತು: 'ಒಂದೇ ಒಂದು ಪಟ್ಟಿಗೂ ಕಾಲು ತಾಗಿಸದೆ ಹಕ್ಕಿಯಂತೆ ಹಾರಿದ ವೀರ.' ಗುಟ್ಟೇನು ಗೊತ್ತೇ? ಬರೆದವನು ಮೈದಾನಕ್ಕೆ ಬಂದದ್ದೇ ಓಟ ಮುಗಿದ ಮೇಲೆ. ಓಡಿದವನಿಗೆ ಮಾತ್ರ ಗೊತ್ತಿತ್ತು, ತಾನು ಕೆಲವನ್ನು ಕೆಡವಿದ್ದೇನೆ ಎಂದು. ಕೆಡವಿದರೆ ತಪ್ಪೇನಿಲ್ಲ. ಬೇಕೆಂದು ಕೆಡವದಿದ್ದರೆ ಸಾಕು, ಆಟದ ನಿಯಮವೇ ಹಾಗೆ. ಆದರೆ ಓದಿದಾಗ ಹಿತವಾಯಿತು, ಸುಮ್ಮನಿದ್ದ. ನಾವು ಯಾರು ತಾನೇ ಹೊಗಳಿದವರನ್ನು ಕರೆದು 'ಸ್ವಲ್ಪ ಹೆಚ್ಚಾಯಿತು, ತಿದ್ದಿ' ಅಂದಿದ್ದೇವೆ?

ಮುಂದೆ ಮೊಣಕಾಲು ಸೋತಿತು. ಆ ಓಟ ನಡೆದಿದ್ದ ಕಾಲೇಜಿನಲ್ಲೇ ಓಟ ಕಲಿಸುವ ಮೇಷ್ಟ್ರಾದ. ಇನ್ನು ಮೇಲೆ ಅವರು ಅನ್ನೋಣ, ಮೇಷ್ಟ್ರಲ್ಲವೇ? ಅವರ ಕೋಣೆಯ ಗೋಡೆಗೆ ಆ ಪತ್ರಿಕೆಯ ತುಂಡು ಕಟ್ಟು ಹಾಕಿಸಿಕೊಂಡು ಏರಿತು. ಪ್ರತಿ ವರ್ಷ ಹೊಸ ಮಕ್ಕಳನ್ನು ಅದರ ಮುಂದೆ ನಿಲ್ಲಿಸುತ್ತಿದ್ದರು. 'ನೋಡ್ರಿ, ಒಂದಽ ಒಂದು ತಾಗಿಲ್ಲ!' ಇಪ್ಪತ್ತೆರಡು ವರ್ಷ ಇದೇ ಮಾತು. ಹೇಳಿ ಹೇಳಿ ಅವರೂ ಅದನ್ನು ಮುಕ್ಕಾಲುಪಾಲು ನಂಬಿದ್ದರು. ಉಳಿದ ಕಾಲುಪಾಲು ಒಳಗೊಳಗೇ ಚುಚ್ಚುತ್ತಿತ್ತು.

ಅಷ್ಟಕ್ಕೇ ಬಿಟ್ಟರೇ? ಇಲ್ಲ. ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ಇರುತ್ತದಲ್ಲ, ಅದನ್ನು ಪ್ರತಿ ಪಟ್ಟಿಯ ಮೇಲೂ ಸವರಿಸುತ್ತಿದ್ದರು. ಓಡಿ ಬಂದವರ ಕಾಲು ನೋಡುವುದು. ಬಿಳಿ ಹತ್ತಿತ್ತೋ, ಮೈದಾನಕ್ಕೆ ಎರಡು ಸುತ್ತು. 'ನಿಯಮ ಬಿಟ್ಟೀತು, ನಾ ಬಿಡೂದಿಲ್ಲ' ಅನ್ನುತ್ತಿದ್ದರು. ಪರಿಣಾಮ? ಮಕ್ಕಳ ಕಾಲು ಸ್ವಚ್ಛ, ಪದಕದ ಕಪಾಟೂ ಸ್ವಚ್ಛ! ತಾಗೀತು ಎಂಬ ಭಯಕ್ಕೆ ಎಲ್ಲರೂ ಗೇಣು ಮೇಲೆ ಹಾರುವವರೇ. ಗಾಳಿಯಲ್ಲಿ ಇದ್ದಷ್ಟು ಹೊತ್ತು ಓಟ ಎಲ್ಲಿಂದ ಬರಬೇಕು?

ಹೀಗಿರುವಾಗ ಒಬ್ಬ ಹುಡುಗಿ ಬಂದಳು. ಬಸ್ಸಿಳಿದು ಕಾಲೇಜಿನವರೆಗೆ ಓಡಿಯೇ ಬರುವವಳು. ಮೇಷ್ಟ್ರಿಗೆ ನೋಡಿದ ಕೂಡಲೇ ಗೊತ್ತಾಯಿತು, ತಾವು ಇಷ್ಟು ವರ್ಷ ಕಾದದ್ದು ಇವಳಿಗೇ ಎಂದು. ಜಿಲ್ಲಾ ಕ್ರೀಡಾಕೂಟಕ್ಕೆ ಕರೆದೊಯ್ದರು. ಹುಡುಗಿ ಎಲ್ಲರಿಗಿಂತ ಮುಂದೆ! ಐದನೆಯ ಪಟ್ಟಿಗೆ ಮೊಣಕಾಲು ತಾಗಿತು, ಪಟ್ಟಿ ದಡಾರನೆ ಬಿತ್ತು. ಇವಳು ಏನು ಮಾಡಬೇಕಿತ್ತು? ಓಡಬೇಕಿತ್ತು. ಏನು ಮಾಡಿದಳು? ನಿಂತಳು. ನಿಂತು, ಬಗ್ಗಿ, ಅಂಗೈಯಿಂದ ಮೊಣಕಾಲು ಒರೆಸಿಕೊಂಡಳು. ನೋಡಿ ತಾಯಂದಿರೇ, ಅಲ್ಲಿ ಸುಣ್ಣವೇ ಇರಲಿಲ್ಲ. ಕೂಟದಲ್ಲಿ ಯಾರು ಸುಣ್ಣ ಸವರುತ್ತಾರೆ? ಇಲ್ಲದ ಸುಣ್ಣವನ್ನು ಒರೆಸಿಕೊಳ್ಳುತ್ತ ನಿಂತ ಆ ಮಗುವನ್ನು ಉಳಿದ ಏಳು ಜನ ದಾಟಿ ಹೋದರು.

ಮರುದಿನ ಅವಳು ಮೇಷ್ಟ್ರ ಕೋಣೆಗೆ ಬಂದು ಓಟದ ಬೂಟು ಮೇಜಿನ ಮೇಲಿಟ್ಟಳು.

'ಸರ್, ನಾ ಇನ್ನ ಓಡಂಗಿಲ್ರಿ.'

'ಯಾಕವ್ವಾ?'

'ನಿಮಗ ಒಂದೂ ತಾಗಿಲ್ಲ. ನನಗ ದಿನಾ ತಾಗತಾವು. ನಾ ಇದಕ್ಕ ಹುಟ್ಟಿದಾಕಿ ಅಲ್ರಿ.'

ಅಷ್ಟು ಹೇಳಿ ಗೋಡೆಯ ಮೇಲಿನ ಕಟ್ಟು ನೋಡಿದಳು. ಮೇಷ್ಟ್ರೂ ಅದನ್ನೇ ನೋಡಿದರು. ಒಂದೇ ಒಂದು ಮಾತು ಆಡಿದರೆ ಈ ಹುಡುಗಿ ಉಳಿಯುತ್ತಾಳೆ. ಆಡಿದರೆ ಗೋಡೆಯ ಮೇಲಿನ ಹಕ್ಕಿ ಉಳಿಯುವುದಿಲ್ಲ. ಇನ್ನು ಈ ಕಾಲೇಜಿನಲ್ಲಿ ತಮ್ಮನ್ನು ಯಾರು ಲೆಕ್ಕಕ್ಕಿಡುತ್ತಾರೆ? ಹುಡುಗಿ ಬಾಗಿಲ ಕಡೆ ತಿರುಗಿದಳು, ಹೊಸ್ತಿಲು ದಾಟಿದಳು.

'ಮೂರು,' ಅಂದರು ಮೇಷ್ಟ್ರು.

'ಏನ್ರಿ ಸರ್?'

'ನಾ ಆವತ್ತು ಮೂರು ಕೆಡವೀನವ್ವಾ. ಪೇಪರಿನ್ಯಾಂವ ಸುಳ್ಳ ಬರದಾನ. ನಾ ಅದನ್ನ ಇಪ್ಪತ್ತೆರಡು ವರ್ಷ ಖರೇ ಮಾಡೀನಿ.'

ಹುಡುಗಿ ಹೊಸ್ತಿಲಿಗೆ ಮರಳಿದಳು. ಹೊರಗೆ ಜಗುಲಿಯ ಮೇಲೆ ಮೈದಾನ ನೋಡಿಕೊಳ್ಳುವ ಮುದುಕ ಸುಣ್ಣ ಜರಡಿ ಹಿಡಿಯುತ್ತಿದ್ದ. ತಲೆ ಎತ್ತದೆ ಅಂದ: 'ಮೂರಲ್ರಿ ಸರ್, ನಾಕು.'

ಮೇಷ್ಟ್ರು ಹೊರಗೆ ಬಂದರು. 'ನಿನಗ ಗೊತ್ತಿತ್ತ?'

'ಆವತ್ತ ಎತ್ತಿ ನಿಲ್ಲಿಸಿದಾಂವ ನಾನಽ ಅಲ್ರಿ?'

'ಮತ್ತ ಇಷ್ಟು ವರ್ಷ ಒಬ್ಬರ ಮುಂದರೇ ಯಾಕ ಹೇಳಲಿಲ್ಲೋ ಮಾರಾಯ?'

'ಬಿದ್ದದ್ದು ಎತ್ತಿ ಇಡೂದು ನನ್ನ ಕೆಲಸರಿ. ಬಿತ್ತು ಅಂತ ಊರಿಗೆ ಸಾರೂದಲ್ಲ.'

ಮೊದಲು ನಕ್ಕವಳು ಹುಡುಗಿ. ಆಮೇಲೆ ಮುದುಕ. ಆಮೇಲೆ ಮೇಷ್ಟ್ರು ಎಂಥ ನಗು ನಕ್ಕರೆಂದರೆ ಕಣ್ಣಲ್ಲಿ ನೀರೇ ಬಂತು. ಅಯ್ಯೋ, ಇಷ್ಟೇ ಏನು! ಯಾವುದು ಗೊತ್ತಾದರೆ ತಮ್ಮ ಕಥೆ ಮುಗಿಯಿತು ಅಂದುಕೊಂಡಿದ್ದರೋ ಅದು ಮೊದಲ ದಿನದಿಂದ ಒಬ್ಬನಿಗೆ ಗೊತ್ತಿತ್ತು, ಅವನೋ ದಿನಾ ಇವರಿಗೆ ನಮಸ್ಕಾರ ಮಾಡುತ್ತಲೇ ಇದ್ದ. ಅವತ್ತು ಸಂಜೆ ಪಟ್ಟಿಗಳ ಮೇಲೆ ಸುಣ್ಣ ಇರಲಿಲ್ಲ. ಅವತ್ತು ಮನೆಗೆ ಹೋಗಿ ಮೇಷ್ಟ್ರು ಎರಡು ರೊಟ್ಟಿ ಹೆಚ್ಚಿಗೆ ಉಂಡರಂತೆ.

ತಿಂಗಳಾದ ಮೇಲೆ ವಿಶ್ವವಿದ್ಯಾಲಯದ ಕೂಟ. ಹುಡುಗಿ ಓಡಿದಳು. ಮೂರನೆಯ ಪಟ್ಟಿ ಬಿತ್ತು. ಅವಳ ಹೆಜ್ಜೆ ಒಂದು ಚಣ ಅಳುಕಿತು, ಕೈ ಮೊಣಕಾಲಿನ ಕಡೆ ಇಳಿಯಿತು. ಆಗ ಮೇಷ್ಟ್ರು ಎದ್ದು ನಿಂತು ಕೂಗಿದರು: 'ಬೀಳ್ಲಿ ಬಿಡವ್ವಾ! ಓಡು!' ಇಡೀ ಮೈದಾನ ತಿರುಗಿ ನೋಡಿತು. ಹುಡುಗಿ ಮಾತ್ರ ತಿರುಗಲಿಲ್ಲ, ಓಡಿದಳು. ಮುಂದೆ ಇನ್ನೊಂದು ಬಿತ್ತು, ಆಗಲೂ ಓಡಿದಳು. ಮೊದಲು ಬಂದಳೇ ಅಂತ ಕೇಳುತ್ತೀರಿ. ಇಲ್ಲ, ಎರಡನೆಯವಳಾದಳು. ಆದರೆ ಹರ್ಡಲ್ಸಿನಲ್ಲಿ ಆ ಮೇಷ್ಟ್ರ ಕೈಯಲ್ಲಿ ಕಲಿತವರಿಗೆ ಸಿಕ್ಕ ಮೊದಲ ಪದಕ ಅದು. ಏದುಸಿರು ಬಿಡುತ್ತ ಬಂದು ಅವಳು ಆಡಿದ ಮೊದಲ ಮಾತೇನು ಗೊತ್ತೇ? 'ಎರಡಽ ಕೆಡವೀನ್ರಿ ಸರ್. ನಿಮಗಿಂತ ಎರಡು ಕಡಿಮಿ!'

ನಗುತ್ತಿದ್ದೀರಿ. ನಗಿ. ಈಗ ನಿಮ್ಮ ಮನೆಗೆ ಬರೋಣ.

ನಿಮ್ಮ ಮನೆಯ ಗೋಡೆಯ ಮೇಲೆ ಆ ಕಟ್ಟು ಇಲ್ಲವೇ? 'ನಿನ್ನ ವಯಸ್ಸಿನಾಗ ನಾ ಹಿಂಗ ಇದ್ದಿಲ್ಲ' ಅಂತ ಮಗನಿಗೆ ಹೇಳುವುದಿಲ್ಲವೇ? ಅತ್ತೆಯರೇ, 'ಈ ಮನಿಗೆ ಬಂದಾಗಿಂದ ನಾ ಒಂದಿನಾ ಹಾಲು ಉಕ್ಕಿಸಿಲ್ಲ' ಅಂತ ಸೊಸೆಯ ಮುಂದೆ ಹೇಳುವುದಿಲ್ಲವೇ? ಒಲೆ ಇದ್ದ ಮನೆಯಲ್ಲಿ ಹಾಲು ಉಕ್ಕದೆ ಇದ್ದೀತೇ, ತಾಯಿ? ನೀವು ಹೇಳುವ ಒಂದೊಂದು ಮಾತೂ ಆ ಮಕ್ಕಳ ದಾರಿಯಲ್ಲಿ ಸವರಿದ ಸುಣ್ಣ. ಆ ಪಟ್ಟಿಗಳ ಪಾದ ಓಡಿ ಬರುವವರ ಕಡೆಗೇ ಚಾಚಿರುತ್ತದೆ, ನೋಡಿದ್ದೀರಾ? ತಾಗಿದರೆ ಮುಂದಕ್ಕೆ ಬೀಳಲಿ, ಓಡುವವರು ಬೀಳದಿರಲಿ ಎಂದು. ಮಾಡಿದವನಿಗೇ ಗೊತ್ತಿತ್ತು, ಮನುಷ್ಯರ ಕಾಲು ತಾಗುತ್ತದೆ ಎಂದು. ನಮ್ಮನ್ನು ಮಾಡಿದವನಿಗೆ ಗೊತ್ತಿರುವುದಿಲ್ಲವೇ?

'ಬುದ್ಧಿ, ನಿಮ್ಮದೆಷ್ಟು?' ಅಂತ ನೀವು ಕೇಳುವ ಮೊದಲು ನಾನೇ ಹೇಳುತ್ತೇನೆ. ಇದೇ ಮಠದಲ್ಲಿ ನನ್ನ ಮೊದಲ ಪ್ರವಚನದ ದಿನ ನಾಲ್ಕು ಮಾತು ಆಡುವಷ್ಟರಲ್ಲಿ ಮುಂದಿನದು ಮರೆತು ಹೋಯಿತು. ಹೊಟ್ಟೆನೋವು ಅಂತ ಎದ್ದುಹೋದೆ. ಹೊಟ್ಟೆ ನೋಯುತ್ತಿರಲಿಲ್ಲ. ಅಡುಗೆಮನೆಯ ಅಜ್ಜಿ ಪಾಪ ಕಷಾಯ ಕಾಸಿ ತಂದಳು, ಅದನ್ನೂ ಕುಡಿದೆ. ಹಾ, ಹೇಳಿದೆ, ಹಗುರಾಯಿತು.

ಇವತ್ತು ಊಟಕ್ಕೆ ಕೂತಾಗ ನೀವೂ ನಿಮ್ಮದೊಂದು ಹೇಳಿ. ನಪಾಸಾದದ್ದು, ಹೆದರಿದ್ದು, ಸುಟ್ಟ ಅನ್ನ ದನಕ್ಕೆ ಹಾಕಿ ಮುಚ್ಚಿಟ್ಟದ್ದು, ಯಾವುದಾದರೂ ಒಂದು. ಮಕ್ಕಳು ನಗುತ್ತಾರೆ, ನಗಲಿ. ನಕ್ಕಾದ ಮೇಲೆ ಮೆಲ್ಲಗೆ ತಮ್ಮದೊಂದು ಹೇಳುತ್ತಾರೆ, ನಿಮಗೆ ಅಂಜಿ ಇಷ್ಟು ದಿನ ಒರೆಸಿಕೊಳ್ಳುತ್ತಿದ್ದದ್ದು. ಆಗ ಬಯ್ಯಬೇಡಿ. 'ಬೀಳ್ಲಿ ಬಿಡು, ಓಡು' ಅನ್ನಿ.