ಮನೆ ಮೇಲಿನ ಆಂಟೆನಾ

ಓಹಾಯೋದ ನಮ್ಮ ಆಕ್ರನ್ ಊರಿನಲ್ಲಿ ಮನೆಮನೆಗೂ ಟೀವಿ ಬರುತ್ತಿದ್ದ ೧೯೫೩ನೇ ಇಸವಿ. ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕಪಕ್ಕದ ಮನೆಯ ಇಬ್ಬರು ನಿಂತಿದ್ದರು: ವಯಸ್ಸಾದ ವರ್ನಾ, ಚಿಕ್ಕವಳಾದ ಲೊರೇನ್. ಮಾತು ತೆಗೆದದ್ದು ವರ್ನಾ.

"ಏನೇ ಲೊರೇನ್, ನಿಮ್ಮನೆ ಮೇಲೂ ಆಂಟೆನಾ ಬಂತಲ್ಲ! ಟೀವಿ ತಗೊಂಡ್ವಿ ಅಂತ ಒಂದ್ಮಾತು ಹೇಳ್ಲಿಲ್ಲ ನೋಡು."

"ಮೊನ್ನೆ ತಾನೆ ಬಂತು ಕಣ್ರೀ."

"ನಮ್ದು ರಿಪೇರಿಗೆ ಹೋಗಿದೆ. ಸಂಜೆ ಕುಸ್ತಿ ನೋಡೋಕೆ ನಿಮ್ಮನೆಗೇ ಬರ್ತೀನಿ."

"ಇವತ್ತಾ? ಬೇಡ್ರೀ, ಚಿತ್ರ ಬರೀ ಮಂಜು ಮಂಜು."

"ಪರವಾಗಿಲ್ಲ, ಕೇಳಿಸ್ಕೊಂಡು ಕೂತಿರ್ತೀನಿ."

"ಶಬ್ದಾನೂ ಸರಿಯಾಗಿ ಬರಲ್ಲ."

"ಚಿತ್ರ ಇಲ್ಲ, ಶಬ್ದ ಇಲ್ಲ. ಪೆಟ್ಟಿಗೆನಾದ್ರೂ ಇದ್ಯೇನೇ?"

ಲೊರೇನ್ ಕೈಚೀಲದ ಕೊಂಡಿಯನ್ನು ಒಮ್ಮೆ ತೆಗೆದು ಮತ್ತೆ ಹಾಕಿದಳು.

"ಬೀದೀಲಿ ನಮ್ಮನೆ ಮೇಲೊಂದೇ ಬೋಳಾಗಿತ್ತು, ಅದಕ್ಕೇ ಬರೀ ಆಂಟೆನಾ ಹಾಕಿಸಿದ್ವಿ. ಸ್ಕೂಲಲ್ಲಿ ನನ್ ಮಗಳನ್ನ ಆಡ್ಕೋತಿದ್ರು. ಯಾರಿಗೂ ಹೇಳ್ಬೇಡ್ರೀ."

"ನಾನ್ಯಾಕೆ ಹೇಳ್ಲಿ? ಆದ್ರೆ ಆ ತಂತೀನ ಕಿಟಕಿಯೊಳಗೆ ಬಿಡೇ, ಹೊರಗೇ ನೇತಾಡ್ತಿದೆ. ನಾವು ಮೊದಲ್ನೇ ದಿನಾನೇ ಒಳಗೆ ಬಿಟ್ವಿ."

"ನಿಮ್ದೂ ಬರೀ ಆಂಟೆನಾನಾ? ಮತ್ತೆ ವಾರವಾರ ಕುಸ್ತಿ ಕಥೆ ಹೇಳ್ತಿದ್ರಲ್ಲ!"

"ಅದೆಲ್ಲಾ ಈ ಸಾಲಲ್ಲೇ ಕಿವಿಗೆ ಬಿದ್ದಿದ್ದು ಕಣೇ. ಹತ್ತು, ಬಸ್ ಬಂತು."