ವಾರ್ಡನ್ ಮೇಡಂ ಬೇಡವೆಂದ ಎಂಜಿನ್

ಈ ಊಟದ ಹಾಲ್‌ನಲ್ಲಿ ಇಷ್ಟು ಜನ ಸೇರಿ ಇಷ್ಟು ನಿಶ್ಶಬ್ದವಾಗಿ ಕೂತಿರುವುದನ್ನು ನಮ್ಮ ವಾರ್ಡನ್ ಮೇಡಂ ನೋಡಿದ್ದರೆ ಮೊದಲು ಅನುಮಾನಪಡುತ್ತಿದ್ದರು. “ಏನ್ ಮುರಿದ್ರಿ? ಹೇಳ್ಬಿಡಿ” ಅನ್ನುತ್ತಿದ್ದರು.

ಮುಂದಿನ ಸಾಲಿನಲ್ಲಿರುವ ಮೇಡಂ ಅವರ ತಾಯಿಯವರಿಗೆ, ಮೇಡಂ ಅವರ ತಮ್ಮನಾದ ನಮ್ಮ ಹಲ್ಲಿನ ಡಾಕ್ಟರಿಗೆ, ಶಿಕ್ಷಕರಿಗೆ, ಅಡುಗೆಮನೆಯ ಅಕ್ಕಂದಿರಿಗೆ, ಹಾಸ್ಟೆಲ್‌ನ ಹಳೆಯ ಹೊಸ ಹುಡುಗಿಯರಿಗೆ — ಎಲ್ಲರಿಗೂ ನಮಸ್ಕಾರ.

ನಾನು ಇದೇ ಹಾಸ್ಟೆಲ್‌ನಲ್ಲಿ ಬೆಳೆದವಳು. ಈಗ ಕಾಲೇಜಿನ ಮೊದಲ ವರ್ಷ. ಮೇಡಂ ಜೊತೆ ಕೆಲಸ ಮಾಡಿದವಳು ಎಂಬ ಕಾರಣಕ್ಕೆ ಮಾತಾಡು ಅಂದಿದ್ದಾರೆ. ನಡುವೆ ಇಂಗ್ಲಿಷ್ ನುಗ್ಗಿದರೆ ಕ್ಷಮಿಸಿ. ಮೇಡಂ ಕ್ಷಮಿಸುತ್ತಿರಲಿಲ್ಲ. “ಒಂದು ವಾಕ್ಯನಾದ್ರೂ ಒಂದೇ ಭಾಷೇಲಿ ಮುಗಿಸು ತಾಯಿ” ಅನ್ನುತ್ತಿದ್ದರು.

ಮೇಡಂ ಎಂದರೆ ನಿಮಗೆಲ್ಲ ಬೆಳಗಿನ ಗಂಟೆ ನೆನಪಾಗಬಹುದು, ಹೊದಿಕೆ ಎಳೆಯುವ ಆ ಕೈ ನೆನಪಾಗಬಹುದು. ನನಗೆ ನೆನಪಾಗುವುದು ಹಿತ್ತಲಿನ ಶೆಡ್. ಒಂದು ಕಾಲದಲ್ಲಿ ಬಟ್ಟೆ ಒಗೆಯುತ್ತಿದ್ದ ಶೆಡ್. ಅಲ್ಲಿ ನಮ್ಮ ಮೇಡಂ ವಿಮಾನ ಕಟ್ಟಿದರು. ಆಟಿಕೆಯಲ್ಲ — ಇಬ್ಬರು ಕೂತು ನಿಜವಾಗಿ ಹಾರುವ ವಿಮಾನ. ತಗಡು ತಗಡಾಗಿ, ರಿವೆಟ್ ರಿವೆಟ್ ಆಗಿ.

ಅಮ್ಮ, ಮಗಳ ಬಗ್ಗೆ ನೀವು ಹೇಳುತ್ತಿದ್ದಿರಿ, “ಮದುವೆ ಆಗೇ ಅಂದ್ರೆ ಇವಳು ರೆಕ್ಕೆ ಕಟ್ಕೊಂಡು ಕೂತ್ಳು” ಅಂತ. ಹೇಳುವಾಗ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದಿರಿ. ನಾವು ನೋಡಿದ್ದೇವೆ.

ರಿವೆಟ್ ಅಂದರೆ ತಗಡಿಗೆ ತಗಡು ಕೂಡಿಸುವ ಗಿಡ್ಡ ಮೊಳೆ. ಅದನ್ನು ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ನಾನು ರಿವೆಟ್ ಗನ್ ಹಿಡಿದು ಹೊಡೆಯುತ್ತಿದ್ದೆ. ಒಳಗೆ ಮೇಡಂ ಮೈ ಮುದುರಿಕೊಂಡು ಕೂತು, ರಿವೆಟ್‌ನ ಬುಡಕ್ಕೆ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿಯುತ್ತಿದ್ದರು. ಮಧ್ಯೆ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು, ಆ ಗದ್ದಲದಲ್ಲಿ ಮಾತೂ ಕೇಳದು. ಹಾಗಾಗಿ ಮೇಡಂ ತಗಡಿನ ಮೇಲೆ ಬೆರಳಿಂದ ತಟ್ಟುತ್ತಿದ್ದರು. ಒಂದು ತಟ್ಟು — ಸಾಲದು, ಇನ್ನೊಮ್ಮೆ ಹೊಡೆ. ಎರಡು ತಟ್ಟು — ಸರಿಯಾಗಿದೆ, ಮುಂದಿನದಕ್ಕೆ ಹೋಗು. ಮೂರು ತಟ್ಟು — ಕೆಟ್ಟಿತು, ಕಿತ್ತು ಹಾಕು. ಶಾಲೆ ಮುಗಿಯುವವರೆಗೆ ನನ್ನ ಸಂಜೆಗಳೆಲ್ಲ ಆ ತಟ್ಟಿಗೆ ಕಿವಿ ಕೊಟ್ಟೇ ಕಳೆದವು. ಎರಡು ತಟ್ಟು ಕೇಳಿದಾಗ ಆಗುತ್ತಿದ್ದ ಖುಷಿ ಯಾವ ರ್‍ಯಾಂಕ್ ಬಂದಾಗಲೂ ಆಗಿಲ್ಲ.

ರೆಕ್ಕೆ ಆಯಿತು, ಬಾಲ ಆಯಿತು, ಚಕ್ರ ಬಂತು. ಉಳಿದದ್ದು ಎಂಜಿನ್. ಹೊಸದೋ, ಬಳಸಿದ್ದೋ?

ಅಯ್ಯೋ, ಆ ಜಗಳ! ಭಾನುವಾರ ಬಂದರೆ ಸಾಕು, ಶೆಡ್‌ನಲ್ಲಿ ಅಕ್ಕ ತಮ್ಮ ಶುರು. ಹಾರುವ ಲೈಸೆನ್ಸ್ ಇದ್ದದ್ದು ಡಾಕ್ಟರಿಗೆ. ಮೇಡಂಗೆ ಕಟ್ಟುವುದರಲ್ಲೇ ಸುಖ. ಡಾಕ್ಟರು, “ಅಕ್ಕಾ, ಮೇಲೆ ಹೋದ್ಮೇಲೆ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ ನೋಡೋಕಾಗಲ್ಲ. ಹೊಸದೇ ತರೋಣ” ಅನ್ನುತ್ತಿದ್ದರು.

ಮೇಡಂ, “ಹೊಸದು ಅಂದ ತಕ್ಷಣ ಗಟ್ಟೀನಾ? ಹಾಸ್ಟೆಲ್‌ಗೆ ಹೊಸದಾಗಿ ಸೇರಿದವ್ರೇ ಕಣೋ ಮೊದಲ ತಿಂಗಳಲ್ಲಿ ಜ್ವರ ಬಂದು ಮಲಗೋದು. ಚೆನ್ನಾಗಿ ಓಡ್ತಿರೋ ಹಳೇದು ಸಿಕ್ಕಿದ್ರೆ ಅದರ ಗುಣ ಮೊದಲೇ ಗೊತ್ತಿರುತ್ತೆ” ಅನ್ನುತ್ತಿದ್ದರು.

“ಅಂದ್ರೆ ನಾನು ಹಳೇ ಹಲ್ಲಿನ ಸೆಟ್ಟು ಹಾಕ್ಕೊಳ್ಳಿ ಅಂತ ಪೇಷಂಟ್‌ಗೆ ಹೇಳ್ಲಾ?”

“ನಿನ್ನ ಸೆಟ್ಟಿಗಿಂತ ವಾಸಿ!”

ಹೀಗೇ ನಡೆದಿತ್ತು. ಆಮೇಲೆ ಮೇಡಂಗೆ ಕಾಯಿಲೆ ಎಂದು ಗೊತ್ತಾಯಿತು. ಅದು ವಾಸಿಯಾಗುವಂಥದ್ದಲ್ಲ ಎಂಬುದೂ ಗೊತ್ತಾಯಿತು.

ಆ ಭಾನುವಾರ ಡಾಕ್ಟರು ಶೆಡ್‌ಗೆ ಬಂದವರೇ, “ಅಕ್ಕಾ, ನೀನು ಹೇಳಿದ್ದೇ ಸರಿ. ಬಳಸಿದ್ದೇ ತಗೊಳ್ಳೋಣ. ಫ್ಲೈಯಿಂಗ್ ಕ್ಲಬ್ಬಲ್ಲಿ ಒಂದಿದೆಯಂತೆ” ಅಂದರು. ಯಾಕೆಂದು ಯಾರೂ ಕೇಳಲಿಲ್ಲ. ಹೊಸ ಎಂಜಿನ್ ವಿದೇಶದಿಂದ ಕೈಗೆ ಬರಲು ವರ್ಷದ ಮೇಲೆ ಕಾಯಬೇಕು. ಬಳಸಿದ್ದಾದರೆ ಬೇಗ ಕೂರಿಸಬಹುದು. ವಿಮಾನ ಹಾರುವುದನ್ನು ಮೇಡಂ ತಮ್ಮ ಕಣ್ಣಿನಿಂದಲೇ ನೋಡಬಹುದು. ನಮ್ಮೆಲ್ಲರಿಗೂ ಬೇಕಾಗಿದ್ದು ಅದೊಂದೇ.

ಮುಂದಿನದನ್ನು ಹೇಳಲು ಡಾಕ್ಟರ ಅನುಮತಿ ಕೇಳಿದ್ದೆ. “ಹೇಳಮ್ಮ, ಮುಚ್ಚಿಡೋದು ಏನಿದೆ” ಅಂದರು.

ನಾವು ಮೂವರೂ ಕ್ಲಬ್ಬಿಗೆ ಹೋದೆವು. ಮ್ಯಾನೇಜರ್ ಎಂಜಿನ್ ಮೇಲಿನ ಹೊದಿಕೆ ತೆಗೆದು, “ಓಡಿದ್ದೇ ಕಡಿಮೆ ಮೇಡಂ, ಹೊಸದರ ಥರಾನೇ ಇದೆ” ಅಂದರು.

ಮೇಡಂ ಕೇಳಿದರು, “ಎಷ್ಟು ಓಡಿದೆ ಅಂತಲ್ಲ. ಎಷ್ಟು ಕಾಲದಿಂದ ಮಲಗಿದೆ?”

ಮ್ಯಾನೇಜರ್ ತಲೆ ಕೆರೆದುಕೊಂಡರು. “ಅದು... ಸ್ವಲ್ಪ ಜಾಸ್ತೀನೇ.”

“ಮಲಗಿದವ್ರನ್ನ ಎಬ್ಬಿಸೋದೇ ನನ್ನ ಕೆಲಸ. ಒಂದು ಸಿಲಿಂಡರ್ ಬಿಚ್ಚಿಸಿ.”

ವಿಷಯ ಇಷ್ಟೇ. ಓಡುತ್ತಿರುವ ಎಂಜಿನ್‌ನಲ್ಲಿ ಎಣ್ಣೆ ಎಲ್ಲ ಕಡೆಗೂ ಎರಚಿಕೊಂಡು ಒಳಗೆಲ್ಲ ಅದರ ಪಸೆ ಇರುತ್ತದೆ. ಸುಮ್ಮನೆ ಕೂತರೆ ಎಣ್ಣೆ ಕೆಳಗಿಳಿಯುತ್ತದೆ, ಮೇಲಿರುವ ಭಾಗ ಒಣಗಿ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ಕಣ್ಣು ತಲುಪದು. ಅದಕ್ಕೇ ಡಾಕ್ಟರು ತಮ್ಮ ಪುಟ್ಟ ಕನ್ನಡಿ ತಂದಿದ್ದರು — ಬಾಯೊಳಗೆ ಇಟ್ಟು ಹಲ್ಲಿನ ಹಿಂಭಾಗ ನೋಡುತ್ತಾರಲ್ಲ, ಅದೇ ಕನ್ನಡಿ. ಬಿಚ್ಚಿದ ಜಾಗಕ್ಕೆ ಅದನ್ನು ತೂರಿಸಿ, ಟಾರ್ಚ್ ಹಿಡಿದು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ, “ಕ್ಲೀನಾಗಿದೆ ಅಕ್ಕಾ. ಏನೂ ಇಲ್ಲ” ಅಂದರು.

ಮೇಡಂ ಕೈ ಚಾಚಿದರು. ಡಾಕ್ಟರು ಕನ್ನಡಿ ಕೊಡಲಿಲ್ಲ. ಮೇಡಂ ಕೈ ಹಾಗೇ ಹಿಡಿದಿದ್ದರು — ಬಚ್ಚಿಟ್ಟ ಮೊಬೈಲ್ ಕೊಡಲಿ ಎಂದು ನಮ್ಮ ಮುಂದೆ ಹಿಡಿಯುತ್ತಿದ್ದರಲ್ಲ, ಹಾಗೆ. ಕೊನೆಗೆ ಡಾಕ್ಟರು ಕೊಟ್ಟರು.

ಮೇಡಂ ಬಗ್ಗಿ ನೋಡಿದರು. ಎದ್ದು ನಿಂತು, ಎಂಜಿನ್ ಮೇಲೆ ಬೆರಳಿಂದ ತಟ್ಟಿದರು. ಒಂದು. ಎರಡು. — ಮೂರು.

“ಡಾಕ್ಟ್ರೇ, ಹುಳುಕು ಹಿಡಿದಿದೆ. ದಿನಾ ಇದನ್ನೇ ನೋಡೋರಿಗೆ ಕಾಣಲಿಲ್ವಾ?”

ಡಾಕ್ಟರು ತಲೆ ತಗ್ಗಿಸಿ, “ಕಾಣಿಸ್ತು” ಅಂದರು. “ನಿಧಾನಕ್ಕೆ ಹಾರಿಸ್ತಿದ್ದೆ ಅಕ್ಕಾ. ಇಲ್ಲೇ ಸುತ್ತಮುತ್ತ, ಒಂದೇ ಒಂದು ಸಲ. ನೀನು ನೋಡ್ಲಿ ಅಂತ.”

ಮೇಡಂ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕನ್ನಡಿಯನ್ನು ತಮ್ಮ ಸೆರಗಿನಲ್ಲಿ ಒರೆಸಿ ಅವರ ಜೇಬಿಗೆ ಹಾಕಿ, “ನೀನು ಬೀಳೋದು ನೋಡೋಕಾ ನಾನು ಇಷ್ಟೆಲ್ಲ ಕಟ್ಟಿದ್ದು?” ಅಂದರು.

ಬೇರೆ ಬಳಸಿದ್ದನ್ನು ಹುಡುಕೋಣ ಎಂದು ನಾನು ಬಾಯಿ ಹಾಕಿದೆ. ಮೇಡಂ ನನ್ನ ಕಡೆ ತಿರುಗಿ ಹೇಳಿದರು, “ಹಳೇ ಎಂಜಿನ್ ತಪ್ಪಲ್ಲ ಕಣೇ. ಆದ್ರೆ ಅದನ್ನ ಆರಿಸೋಕೆ ಅವಸರ ಇಲ್ಲದ ಕಣ್ಣು ಬೇಕು. ನಮ್ಮ ಮೂವರ ಕಣ್ಣಿಗೂ ಈಗ ಅವಸರ. ಹೊಸದಕ್ಕೇ ಹೇಳ್ಬಿಡಿ.”

ಯೋಚಿಸಿ ನೋಡಿ. ಬಳಸಿದ್ದೇ ಬೇಕೆಂದು ಅಷ್ಟು ಕಾಲ ವಾದಿಸಿದವರು. ಅದನ್ನು ಒಪ್ಪಿಕೊಂಡಿದ್ದರೆ ತಮ್ಮ ವಿಮಾನ ಹಾರುವುದನ್ನು ನೋಡಬಹುದಿತ್ತು. ತಾವು ನೋಡಲಾರದ ಎಂಜಿನ್ನನ್ನು ಆರಿಸಿದರು. ವಾಪಸ್ ಬರುವಾಗ ಕಾರಿನಲ್ಲಿ ಹಾಡು ಗುನುಗುತ್ತಿದ್ದರು! ನನಗೆ ಅಳು. ಮೇಡಂ ಹಿಂದೆ ತಿರುಗಿ, “ಮೂಗು ಒರೆಸ್ಕೋ, ಎಡಗಡೆ ರೆಕ್ಕೆಗೆ ಬಣ್ಣ ಬಾಕಿ ಇದೆ” ಅಂದರು.

ಆ ಬಣ್ಣ ಮುಗಿಸಿದರು. ಆಮೇಲೆ ಆಸ್ಪತ್ರೆ. ಎಂಜಿನ್ ಹಡಗು ಹತ್ತಿದೆ ಎಂದು ಡಾಕ್ಟರು ಕಿವಿಯ ಹತ್ತಿರ ಹೇಳಿದಾಗ ಮೇಡಂಗೆ ಮಾತು ನಿಂತಿತ್ತು. ಮಂಚದ ಕಂಬಿಯ ಮೇಲೆ ಬೆರಳು ಆಡಿತು. ಎರಡು ತಟ್ಟು. ಅಮ್ಮ, ನೀವೂ ಅಲ್ಲೇ ಇದ್ದಿರಿ. ಕೇಳಿಸಿಕೊಂಡಿರಿ.

ನನಗೆ ದುಃಖವಿದೆ. ಆದರೆ ಅದಕ್ಕಿಂತ ದೊಡ್ಡದಾಗಿ, ಎದೆ ತುಂಬಿ ಬರುವಷ್ಟು, ಹೆಮ್ಮೆ ಇದೆ. ಇಂಥವರ ಎದುರು ನಾನು ರಿವೆಟ್ ಗನ್ ಹಿಡಿದಿದ್ದೆ.

ಈಗ ಆ ಎಂಜಿನ್ ಬಂದಿದೆ. ಈ ಗೋಡೆಯ ಆಚೆ, ಶೆಡ್‌ನಲ್ಲಿ, ಮರದ ಪೆಟ್ಟಿಗೆಯಲ್ಲಿದೆ. ಡಾಕ್ಟರು ಅದರ ಒಂದು ಮೊಳೆಯನ್ನೂ ಕಿತ್ತಿಲ್ಲ. ಕೇಳಿದರೆ “ಆಮೇಲೆ ನೋಡೋಣ” ಅನ್ನುತ್ತಾರೆ. “ಅಕ್ಕ ಇಲ್ದೆ ಯಾರಿಗೋಸ್ಕರ” ಅಂತಲೂ ಮೊನ್ನೆ ಅಂದರು.

ಡಾಕ್ಟ್ರೇ — ತುಂಬಿದ ಸಭೆಯಲ್ಲಿ ಹೇಳುತ್ತಿದ್ದೇನೆ, ಸಲಿಗೆ ಅನ್ನಿಸಿದರೆ ಬೈಯಿರಿ. ಮಲಗಿಸಿಟ್ಟ ಎಂಜಿನ್‌ಗೆ ಏನಾಗುತ್ತದೆ ಎಂಬುದನ್ನು ನಿಮ್ಮದೇ ಕನ್ನಡಿಯಲ್ಲಿ ನೋಡಿದ್ದೀರಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕುರ್ಚಿ ಎಳೆಯಬೇಡಿ, ಮೇಡಂಗೆ ಆ ಸದ್ದು ಆಗುತ್ತಿರಲಿಲ್ಲ. ಮೇಡಂ ಅವರನ್ನು ನೆನೆದು ಮೌನವಾಗಿರೋಣ. ಮೌನ ಮುಗಿಯಿತು ಎಂದು ನಾನು ಹೇಳುವುದಿಲ್ಲ, ಗಂಟೆಯನ್ನೂ ಹೊಡೆಸುವುದಿಲ್ಲ. ಡಾಕ್ಟರೇ, ನಿಮ್ಮ ಮುಂದಿನ ಮೇಜು ತಗಡಿನದು. ಮುಂದಿನದಕ್ಕೆ ಹೋಗಬಹುದು ಎಂದು ನಿಮಗೆ ಅನ್ನಿಸಿದಾಗ ಅದರ ಮೇಲೆ ಎರಡು ಸಲ ತಟ್ಟಿ.

ಎಷ್ಟು ಹೊತ್ತಾದರೂ ಪರವಾಗಿಲ್ಲ. ನಾವೆಲ್ಲ ಮೇಡಂ ಬೆಳೆಸಿದ ಹುಡುಗಿಯರು, ನಿಂತು ಕಾಯುವುದು ನಮಗೆ ಗೊತ್ತು.